ಬೆಳ್ಳಿತೆರೆಯ ಕಣ್ಕಟ್ಟು

ಸಿನಿಮಾದ ಚರಿತ್ರೆ ಬರೆದವರು ಅದನ್ನು ತೆಗೆದವರ ಬಗ್ಗೆ ಬರೆದಿದ್ದಾರೆ, ನಟಿಸಿದವರ ಬಗ್ಗೆ ಬರೆದಿದ್ದಾರೆ, ಹಣ ಹಾಕಿ ಕಳೆದುಕೊಂಡವರ ಬಗ್ಗೆಯೂ ಬರೆದಿದ್ದಾರೆ. ನೋಡಿದವರು ಏನೆಂದರು ಎಂಬುದನ್ನು ಬರೆದಿಟ್ಟವರು ಕಡಿಮೆ. ಅದರಲ್ಲೂ ನೋಡಿದವರು ಹೆಂಗಸರಾಗಿದ್ದರೆ ಮುಗಿದೇ ಹೋಯಿತು. ಸಿನಿಮಾ ನೋಡಿ ಬಂದ ಮರುದಿನ ಬಾವಿಯ ಕಟ್ಟೆಯ ಮೇಲೆ, ಹಿಟ್ಟಿನ ಗಿರಣಿಯ ಸರದಿಯಲ್ಲಿ, ಬೀಡಿ ಕಟ್ಟುವ ಪಡಸಾಲೆಯಲ್ಲಿ ಅವರು ಆಡಿದ ಮಾತುಗಳು ಪಾತ್ರೆ ತೊಳೆದ ನೀರಿನ ಜೊತೆಗೇ ಹರಿದುಹೋಗಿವೆ. ಆದರೆ ಆ ಮಾತುಗಳಲ್ಲಿ ಒಂದು ವಿಮರ್ಶೆ ಇತ್ತು. ತೆರೆಯ ಮೇಲಿನ ಯುದ್ಧ, ಪ್ರವಾಹ, ಬೆಂಕಿ, ರಾಕ್ಷಸ, ಹಾರುವ ರಥ, ಇವುಗಳಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ನಕ್ಕು ಬಿಡಬೇಕು ಎಂಬ ತೀರ್ಮಾನ ಇತ್ತು.

ಈಗ ಆ ತೀರ್ಮಾನಕ್ಕೆ ಒಂದು ಹೊಸ ಶಬ್ದ ಬಂದಿದೆ. ಚಿಕ್ಕೋಡಿಯ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ಕಾಲೇಜು ಹುಡುಗಿ, ಕೋಟಿಗಟ್ಟಲೆ ರೂಪಾಯಿ ಸುರಿದು ತೆಗೆದ ಸಾಹಸ ಚಿತ್ರವೊಂದನ್ನು "ಬರೇ ಗ್ರಾಫಿಕ್ಸ್ ಹೊಡದಾರ" ಎಂಬ ಮೂರೇ ಶಬ್ದಗಳಲ್ಲಿ ಮೂಲೆಗೆ ತಳ್ಳುತ್ತಾಳೆ. ಅದೇ ಹುಡುಗಿ ಇನ್ನೊಂದು ಚಿತ್ರದ ಬಗ್ಗೆ "ಗ್ರಾಫಿಕ್ಸ್ ಅಂತ ಗೊತ್ತ ಆಗೂದುಲ್ಲ ನೋಡ್ರಿ" ಎಂದು ಕಣ್ಣರಳಿಸುತ್ತಾಳೆ. ಎರಡೂ ಕಂಪ್ಯೂಟರಿನ ಕೈಚಳಕವೇ. ಒಂದನ್ನು ಒಪ್ಪಿ ಇನ್ನೊಂದನ್ನು ಹಳಿಯುವುದು ಏಕೆ? ಇತಿಹಾಸ ಕಲಿಸುವವಳಾದ್ದರಿಂದ ನನಗೆ ಯಾವ ಪ್ರಶ್ನೆ ಬಂದರೂ ಹಿಂದಕ್ಕೆ ಹೋಗಿ ನೋಡುವ ಚಟ. ಹೋಗಿ ನೋಡಿದರೆ ಈ ಪ್ರಶ್ನೆ ನಮ್ಮ ಸೀಮೆಯಲ್ಲಿ ನೂರು ವರ್ಷ ಹಳೆಯದು.

ನಮ್ಮ ಸೀಮೆ ಎಂದರೆ ಬೆಳಗಾವಿ ಜಿಲ್ಲೆಯ ಗಡಿಯ ಐದು ತಾಲೂಕುಗಳು: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಇವುಗಳಲ್ಲಿ ನಿಪ್ಪಾಣಿ ಮತ್ತು ಕಾಗವಾಡ ಈಚೆಗೆ ತಾಲೂಕಾದವು. ನಮ್ಮ ಮನೆಯ ಮಾತು ಕನ್ನಡ, ಸಂತೆಯ ಮಾತು ಅರ್ಧ ಮರಾಠಿ, ಸಿನಿಮಾದ ಮಾತು ಯಾವುದಾದರೂ ಸರಿ. ಬೆಂಗಳೂರು ನಮಗೆ ಒಂದು ರಾತ್ರಿಯ ಪ್ರಯಾಣ. ಕೊಲ್ಹಾಪುರ ನಿಪ್ಪಾಣಿಯಿಂದ ಸುಮಾರು ೪೦ ಕಿಲೋಮೀಟರು. ಕಾಗವಾಡದವರಿಗೆ ಮಿರಜ ಅದಕ್ಕಿಂತಲೂ ಹತ್ತಿರ. ರಾಯಬಾಗವಂತೂ ಸ್ವಾತಂತ್ರ್ಯಕ್ಕೆ ಮುಂಚೆ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. ಆ ಕೊಲ್ಹಾಪುರ ಭಾರತದ ಸಿನಿಮಾದ ತೊಟ್ಟಿಲುಗಳಲ್ಲಿ ಒಂದು. ಹೀಗಾಗಿ ತೆರೆಯ ಮೇಲಿನ ಗಾರುಡಿ ವಿದ್ಯೆ ನಮಗೆ ದೂರದ ವಿಷಯ ಆಗಿರಲಿಲ್ಲ, ನೆರೆಮನೆಯವರ ಕಸುಬಾಗಿತ್ತು.

ಕಸುಬು ಆರಂಭವಾದದ್ದು ದಾದಾಸಾಹೇಬ ಫಾಲ್ಕೆ ಅವರಿಂದ. ಅವರ 'ರಾಜಾ ಹರಿಶ್ಚಂದ್ರ' ೧೯೧೩ರ ಮೇ ೩ರಂದು ಮುಂಬಯಿಯಲ್ಲಿ ತೆರೆ ಕಂಡದ್ದು ಎಲ್ಲರಿಗೂ ಗೊತ್ತು. ಅದರ ಹಿಂದೆ ನಿಂತ ಅವರ ಹೆಂಡತಿ ಸರಸ್ವತಿಬಾಯಿಯ ವಿಷಯ ಅಷ್ಟಾಗಿ ಗೊತ್ತಿಲ್ಲ. ಗಂಡನ ಹುಚ್ಚಿಗೆ ಒಡವೆ ಕೊಟ್ಟವಳು ಆಕೆ. ಚಿತ್ರತಂಡದ ಅರವತ್ತು ಎಪ್ಪತ್ತು ಜನರಿಗೆ ಅಡಿಗೆ ಮಾಡಿ ಹಾಕಿದಳು, ಬಿಸಿಲಿನಲ್ಲಿ ಬಿಳಿಯ ಬಟ್ಟೆ ಹಿಡಿದು ನಟರ ಮೇಲೆ ಬೆಳಕು ಬೀಳಿಸಿದಳು, ರಾತ್ರಿ ಕುಳಿತು ಫಿಲ್ಮಿನ ಅಂಚಿಗೆ ರಂಧ್ರ ಕೊರೆದಳು, ರಸಾಯನ ಬೆರೆಸಿ ಚಿತ್ರ ತೊಳೆದಳು. ನಮ್ಮ ದೇಶದ ಮೊದಲ ತೆರೆಯ ಮಾಯೆ ಒಬ್ಬ ಗೃಹಿಣಿಯ ಕೈಯಲ್ಲಿ ತೊಳೆದು ಒಣಗಿ ಹೊರಬಂದದ್ದು. ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗಿಯರ ಮುಖ ಬೇರೆಯೇ ಆಗುತ್ತದೆ.

೧೯೧೭ರಲ್ಲಿ ಫಾಲ್ಕೆ 'ಲಂಕಾದಹನ' ತೆಗೆದರು. ಹನುಮಂತ ಹಾರಿದ, ಲಂಕೆ ಹೊತ್ತಿ ಉರಿಯಿತು. ರಾಮನ ಪಾತ್ರವನ್ನೂ ಸೀತೆಯ ಪಾತ್ರವನ್ನೂ ಮಾಡಿದವನು ಒಬ್ಬನೇ, ಅಣ್ಣಾ ಸಾಳುಂಕೆ ಎಂಬ ನಟ. ಆದರೂ ರಾಮ ತೆರೆಯ ಮೇಲೆ ಬಂದಾಗ ಜನ ಕಾಲಿನ ಜೋಡು ಕಳಚಿಟ್ಟು ಕುಳಿತರು ಎಂದು ಸಿನಿಮಾ ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಆ ಜೋಡುಗಳಲ್ಲಿ ಎಷ್ಟು ಜೊತೆ ನಮ್ಮ ಅಥಣಿ, ನಿಪ್ಪಾಣಿಯ ಕುಶಲಿಗಳು ಹೊಲಿದವೋ ಎಂದು ನಾನು ಒಮ್ಮೊಮ್ಮೆ ಯೋಚಿಸುವುದುಂಟು. ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಊರೂರು ಸುತ್ತುವ ಚಪ್ಪಲಿಗಳಲ್ಲಿ ನಮ್ಮ ತಾಲೂಕುಗಳ ದುಡಿಮೆಯೂ ಇದೆ.

ಕೊಲ್ಹಾಪುರದ ಬಾಬುರಾವ ಪೇಂಟರ್ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ ಕಲಾವಿದರು. ತಾವೇ ಕ್ಯಾಮರಾ ಕಟ್ಟಿಕೊಂಡು ಸಿನಿಮಾಕ್ಕೆ ಇಳಿದರು. ಅವರ 'ಸೈರಂಧ್ರಿ' ಬಂದದ್ದು ೧೯೨೦ರಲ್ಲಿ. ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಅದರಲ್ಲಿ ಅಭಿನಯಿಸಲು ನಿಲ್ಲಿಸಿದರು. ಭೀಮ ಕೀಚಕನನ್ನು ಕೊಲ್ಲುವ ದೃಶ್ಯ ಎಷ್ಟು ನಿಜವಾಗಿ ಕಂಡಿತೆಂದರೆ ಜನ ತತ್ತರಿಸಿದರು, ಆ ಭಾಗಕ್ಕೆ ಕತ್ತರಿ ಬಿತ್ತು. ಅಂದರೆ ತೆರೆಯ ಮಾಯೆಯ ಬಗ್ಗೆ ಪ್ರೇಕ್ಷಕರ ಮೊದಲ ದೂರು "ಸುಳ್ಳಾಗಿ ಕಾಣುತ್ತದೆ" ಎಂಬುದಲ್ಲ, "ಅತಿ ಖರೇ ಕಾಣುತ್ತದೆ" ಎಂಬುದು. ಇಂದಿನ ಹುಡುಗರಿಗೆ ಇದು ತಮಾಷೆಯಾಗಿ ಕಾಣಬಹುದು.

ಬಾಬುರಾವ ಅವರ ಬಳಿ ಪಳಗಿದ ಶಿಷ್ಯರೇ ೧೯೨೯ರಲ್ಲಿ ಕೊಲ್ಹಾಪುರದಲ್ಲಿ ಪ್ರಭಾತ ಕಂಪನಿ ಕಟ್ಟಿದರು. ಅದು ೧೯೩೩ರಲ್ಲಿ ಪುಣೆಗೆ ಹೋಯಿತು. ಅಲ್ಲಿ ದಾಮ್ಲೆ ಮತ್ತು ಫತ್ತೇಲಾಲರು ತೆಗೆದ 'ಸಂತ ತುಕಾರಾಮ' ೧೯೩೬ರಲ್ಲಿ ಬಂದು, ಮುಂಬಯಿಯಲ್ಲಿ ಒಂದೇ ಚಿತ್ರಮಂದಿರದಲ್ಲಿ ೫೭ ವಾರ ನಡೆಯಿತು. ಮರುವರ್ಷ ವೆನಿಸ್ಸಿನ ಚಿತ್ರೋತ್ಸವದಲ್ಲೂ ಮನ್ನಣೆ ಪಡೆಯಿತು. ಅದರ ಕೊನೆಗೆ ತುಕಾರಾಮ ಗರುಡನ ಮೇಲೆ ಕುಳಿತು ವೈಕುಂಠಕ್ಕೆ ಏರುತ್ತಾನೆ. ಹೆಂಡತಿ ಜಿಜಾಯಿ ಮಕ್ಕಳೊಂದಿಗೆ ನೆಲದ ಮೇಲೇ ಉಳಿಯುತ್ತಾಳೆ.

ನಮ್ಮ ಅಜ್ಜಿ ಆ ಚಿತ್ರ ನೋಡಿದ್ದಳು. ಪಂಢರಪುರದ ವಾರಿಗೆ ಹೋಗುವ ಮನೆತನ ನಮ್ಮದು. ಹಾಗಾಗಿ ಸಿನಿಮಾಕ್ಕೆ ಕಳಿಸದ ಹಿರಿಯರು ತುಕಾರಾಮನ ದರ್ಶನಕ್ಕೆ ಎಂದು ಬಿಟ್ಟಿದ್ದರಂತೆ. ನಾನು ಚಿಕ್ಕವಳಿದ್ದಾಗ, "ಆಯಿ, ಗರುಡ ಖರೇನ ಹಾರಿತ್ತೇನ?" ಎಂದು ಕೇಳುತ್ತಿದ್ದೆ. ಆಕೆ ಎಲೆ ಅಡಿಕೆಯ ಚೀಲ ತೆಗೆಯುತ್ತ ಹೇಳುತ್ತಿದ್ದ ಮಾತು ಈಗಲೂ ಕಿವಿಯಲ್ಲಿದೆ. "ಗರುಡ ಸುಳ್ಳ ಇರಬಹುದವ್ವ. ಆದರ ಕೆಳಗ ನಿಂತಾಕಿ ಮಾರಿ ಖರೇ ಇತ್ತು. ಮಕ್ಕಳನ್ನ ಕಟಿಗೊಂಡು ಒಬ್ಬಾಕಿನ ಉಳದಳಲ್ಲ, ಅದನ್ನ ನೋಡಿ ಅತ್ತೆ."

ಅಕ್ಷರ ಬಾರದ ಹೆಂಗಸು ಹೇಳಿದ ಈ ಮಾತಿಗಿಂತ ದೊಡ್ಡ ಸಿನಿಮಾ ವಿಮರ್ಶೆಯನ್ನು ನಾನು ಆಮೇಲೆ ಯಾವ ಪತ್ರಿಕೆಯಲ್ಲೂ ಓದಲಿಲ್ಲ. ಗರುಡ ಹೇಗೆ ಹಾರಿದ ಎಂಬುದು ಆಕೆಗೆ ಮುಖ್ಯ ಆಗಿರಲಿಲ್ಲ. ಗರುಡ ಹಾರಿದ್ದರಿಂದ ಯಾರ ಬದುಕು ಏನಾಯಿತು ಎಂಬುದು ಮುಖ್ಯವಾಗಿತ್ತು.

ನಮ್ಮ ಬಾಲ್ಯದ ಸಿನಿಮಾ ಎಂದರೆ ಡೇರೆಯ ಸಿನಿಮಾ. ಭಾರತ ಹುಣ್ಣಿಮೆಯ ಹೊತ್ತಿಗೆ ಚಿಂಚಲಿ ಮಾಯಕ್ಕನ ಜಾತ್ರೆ ಕೂಡುತ್ತಿತ್ತು. ಚಕ್ಕಡಿ ಕಟ್ಟಿಕೊಂಡು ಹೋದವರು ಒಂದು ಕಡೆ ನಾಟಕ, ಇನ್ನೊಂದು ಕಡೆ ಟೂರಿಂಗ್ ಟಾಕೀಜು ನೋಡಿ ಬರುತ್ತಿದ್ದರು. ನಡುವೆ ಒಂದು ಹಗ್ಗ, ಆಚೆ ಗಂಡಸರು, ಈಚೆ ನಾವು. ನೆಲದ ಮೇಲೆ ಉಸುಕು, ಮಡಿಲಲ್ಲಿ ಚುರಮುರಿ. ರೀಲು ಕಡಿದಾಗ ಗಂಡಸರ ಕಡೆಯಿಂದ ಸೀಟಿ ಬರುತ್ತಿತ್ತು, ಹೆಂಗಸರ ಕಡೆಯಿಂದ ಅಲ್ಲಿಯವರೆಗಿನ ಕಥೆಯ ಚರ್ಚೆ ಬರುತ್ತಿತ್ತು.

'ಬಭ್ರುವಾಹನ' ನೋಡಿದ್ದು ಅಂಥ ಡೇರೆಯಲ್ಲೇ. ೧೯೭೭ರ ಆ ಚಿತ್ರದಲ್ಲಿ ಅರ್ಜುನನೂ ರಾಜಕುಮಾರ, ಅವನ ಮಗ ಬಭ್ರುವಾಹನನೂ ರಾಜಕುಮಾರ. ತಂದೆ ಮಗ ಎದುರುಬದುರು ನಿಂತು ಬೈದಾಡುತ್ತಾರೆ. ಒಬ್ಬನೇ ಮನುಷ್ಯ ಎರಡು ಕಡೆ ಹೇಗೆ ನಿಂತ ಎಂದು ನಮಗೆ ಸೋಜಿಗ. ಕ್ಯಾಮರಾದ ಅರ್ಧ ಕಣ್ಣು ಮುಚ್ಚಿ ಒಂದು ಸಲ ತೆಗೆದು, ಅದೇ ಫಿಲ್ಮನ್ನು ಹಿಂದೆ ಸುತ್ತಿ, ಇನ್ನರ್ಧ ಮುಚ್ಚಿ ಎರಡನೆಯ ಸಲ ತೆಗೆಯುವ ಉಪಾಯ ಅಂಥ ದೃಶ್ಯಗಳಿಗೆ ಬಹಳ ಹಳೆಯದು. ಇದನ್ನು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆದರೆ ಅಂದು ನಮ್ಮ ಹಿಂದೆ ಕುಳಿತಿದ್ದ ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಗಳೊಬ್ಬಳು ಆಗಲೇ ತೀರ್ಪು ಕೊಟ್ಟಿದ್ದಳು. "ಇಬ್ಬರೂ ಅಂವನ ಹೌದು, ಆದರ ಸಿಟ್ಟು ಬ್ಯಾರೆ ಬ್ಯಾರೆ ಐತಿ." ದಿನಕ್ಕೆ ಸಾವಿರ ಬೀಡಿ ಕಟ್ಟಿ, ಕೈಯ ಅಳತೆಯಲ್ಲಿ ಒಂದು ಎಲೆಯ ವ್ಯತ್ಯಾಸ ಕಂಡುಹಿಡಿಯುವ ಕಣ್ಣು ಅದು. ಯಂತ್ರದ ಉಪಾಯ ಇಬ್ಬರು ರಾಜಕುಮಾರರನ್ನು ನಿಲ್ಲಿಸಿತು. ತಂದೆಯ ಗರ್ವ ಮತ್ತು ಮಗನ ನೋವನ್ನು ಬೇರೆ ಬೇರೆ ಮಾಡಿದ್ದು ನಟ. ಆಕೆ ಅದನ್ನು ಒಂದೇ ಮಾತಿನಲ್ಲಿ ಬಿಡಿಸಿ ಹೇಳಿದಳು.

೧೯೫೭ರ ತೆಲುಗು 'ಮಾಯಾಬಜಾರ'ನ್ನು ನಮ್ಮ ಕಡೆಯ ಅನೇಕರು ನೋಡಿದ್ದು ಮುಂದೆ ಟಿ.ವಿ. ಬಂದ ಮೇಲೆ. ಅದರಲ್ಲಿ ಘಟೋತ್ಕಚ ಮದುವೆಯ ಅಡಿಗೆಯನ್ನೆಲ್ಲ ಖಾಲಿ ಮಾಡುತ್ತಾನೆ. ಲಾಡುಗಳು ತಾವಾಗಿಯೇ ಹಾರಿ ಅವನ ಬಾಯಿಗೆ ಬೀಳುತ್ತವೆ. ಮಾರ್ಕಸ್ ಬಾರ್ಟ್ಲಿ ಎಂಬ ಛಾಯಾಗ್ರಾಹಕರ ಆ ಕೌಶಲ್ಯವನ್ನು ಇಂದಿಗೂ ಬಲ್ಲವರು ಹೊಗಳುತ್ತಾರೆ. ನಮ್ಮವ್ವ ಮಾತ್ರ, "ಲಾಡು ಹಾರಿದ್ದು ಇರಲಿ, ಅಷ್ಟು ಬುಂದಿ ಕರದಾಕಿ ಯಾರು?" ಎಂದು ಕೇಳಿದ್ದಳು. ಮನೆಯವರೆಲ್ಲ ನಕ್ಕರು. ನಗೆಯ ಮಾತೇ. ಆದರೆ ಅವಳು ಆ ಅಡಿಗೆಯನ್ನು ಅಡಿಗೆ ಎಂದು ಒಪ್ಪಿದ್ದಳು ಎಂಬುದನ್ನು ಗಮನಿಸಬೇಕು. ನಂಬದೆ ಇದ್ದಿದ್ದರೆ ಕರಿದವರ ಚಿಂತೆ ಬರುತ್ತಿರಲಿಲ್ಲ.

೧೯೮೭ರ ಜನವರಿಯಲ್ಲಿ ದೂರದರ್ಶನದಲ್ಲಿ ರಮಾನಂದ ಸಾಗರರ 'ರಾಮಾಯಣ' ಶುರುವಾದಾಗ ನಾನು ಕಾಲೇಜಿಗೆ ಹೋಗುವ ಹುಡುಗಿ. ರವಿವಾರ ಬೆಳಿಗ್ಗೆ ಒಂಬತ್ತೂವರೆಯ ಒಳಗೆ ರೊಟ್ಟಿ ಬಡಿದು ಮುಗಿಸಿ, ಓಣಿಗೆ ಒಂದೇ ಇದ್ದ ಟಿ.ವಿ.ಯ ಮುಂದೆ ಹೆಂಗಸರು ಜಾಗ ಹಿಡಿಯುತ್ತಿದ್ದರು. ಯುದ್ಧಕಾಂಡದಲ್ಲಿ ಎರಡು ಬಾಣಗಳು ಆಕಾಶದಲ್ಲಿ ನಿಧಾನವಾಗಿ ಎದುರುಬದುರಾಗಿ ಬಂದು, ಒಂದಕ್ಕೊಂದು ತಾಗಿ, ಕಿಡಿಯಾಗಿ ಮಾಯವಾಗುತ್ತಿದ್ದವು. ಆಗಲೇ ಮಕ್ಕಳು ನಗುತ್ತಿದ್ದರು. ನಮ್ಮ ಪಕ್ಕದ ಮನೆಯ ಮುದುಕಿ ಕೈ ಮುಗಿದುಕೊಂಡೇ, "ಇದು ಹೋದ ರವಿವಾರದ ಬಾಣನ ಐತಿ ನೋಡ" ಎಂದು ಪಿಸುಗುಡುತ್ತಿದ್ದಳು. ಮೋಸ ಗೊತ್ತಾಗಿದೆ, ಕೈ ಇನ್ನೂ ಜೋಡಿಸಿಯೇ ಇದೆ. ಹಳ್ಳಿಯ ಹೆಂಗಸರು ತೆರೆಯ ಮೇಲೆ ಕಂಡದ್ದನ್ನೆಲ್ಲ ನಿಜವೆಂದು ನಂಬುತ್ತಾರೆ ಎಂದು ಪೇಟೆಯವರು ಬರೆದದ್ದನ್ನು ಓದಿದಾಗಲೆಲ್ಲ ನನಗೆ ಆ ಮುದುಕಿಯ ನೆನಪು ಬರುತ್ತದೆ. ಬಾಣವನ್ನು ಆಕೆ ನಂಬಲಿಲ್ಲ. ರಾಮನ ಕಥೆಗೆ ತಾನಾಗಿ ಒಪ್ಪಿಗೆ ಕೊಟ್ಟಿದ್ದಳು.

ಕಂಪ್ಯೂಟರು ತೆರೆಗೆ ಬಂದದ್ದು ನಮ್ಮ ಪಾಲಿಗೆ 'ಜುರಾಸಿಕ್ ಪಾರ್ಕ್'ನಿಂದ. ಸ್ಟೀವನ್ ಸ್ಪೀಲ್‌ಬರ್ಗ್ ಅವರ ಆ ಚಿತ್ರ ಅಮೇರಿಕದಲ್ಲಿ ೧೯೯೩ರಲ್ಲಿ ಬಂದು, ಮರುವರ್ಷ ಹಿಂದಿ ಮಾತಿನೊಂದಿಗೆ ನಮ್ಮ ದೇಶಕ್ಕೆ ಬಂತು. ಇಂಗ್ಲಿಷು ಬಾರದವರೂ ಮಕ್ಕಳನ್ನು ಎತ್ತಿಕೊಂಡು ಹೋದರು. ನಾನು ಆಗಷ್ಟೇ ನೌಕರಿ ಸೇರಿದ್ದೆ. ಶಿಕ್ಷಕಿಯರು ಐದಾರು ಜನ ಕೂಡಿ ಕೊಲ್ಹಾಪುರಕ್ಕೆ ಹೋಗಿ ನೋಡಿ ಬಂದೆವು. ಎರಡು ತಾಸಿನ ಚಿತ್ರದಲ್ಲಿ ಡೈನೋಸಾರುಗಳು ಕಾಣುವುದು ಹೆಚ್ಚುಕಡಿಮೆ ೧೫ ನಿಮಿಷ. ಅದರಲ್ಲೂ ಕಂಪ್ಯೂಟರಿನಲ್ಲಿ ಬರೆದವು ಸುಮಾರು ೬ ನಿಮಿಷ ಮಾತ್ರ. ಉಳಿದವು ರಬ್ಬರು, ಉಕ್ಕು, ಮೋಟಾರಿನಿಂದ ಕಟ್ಟಿದ ದೊಡ್ಡ ಬೊಂಬೆಗಳು.

ಆದರೆ ನಮ್ಮನ್ನು ಹೆಚ್ಚು ಹೆದರಿಸಿದ ದೃಶ್ಯದಲ್ಲಿ ಪ್ರಾಣಿಯೇ ಇರಲಿಲ್ಲ. ಮಳೆಯ ರಾತ್ರಿ, ನಿಂತ ಮೋಟಾರಿನಲ್ಲಿ ಒಂದು ಲೋಟ ನೀರು. ದೂರದಲ್ಲಿ ಎಲ್ಲೋ ಹೆಜ್ಜೆಯ ಸದ್ದು. ನೀರಿನಲ್ಲಿ ಸಣ್ಣ ಸಣ್ಣ ಉಂಗುರಗಳು. ಗಿಟಾರಿನ ತಂತಿಯನ್ನು ಲೋಟದ ಕೆಳಗೆ ಬಿಗಿದು ಮೀಟಿ ಆ ಉಂಗುರಗಳನ್ನು ಎಬ್ಬಿಸಿದರಂತೆ. ಬರುವಾಗ ಬಸ್ಸಿನಲ್ಲಿ ಉಗಾರದ ಕಡೆಯ ಹಿರಿಯ ಶಿಕ್ಷಕಿಯೊಬ್ಬರು, "ನಮ್ಮ ಮನಿ ಮುಂದ ಕಬ್ಬಿನ ಗಾಡಿ ಹಾದು ಹೋದ್ರ ಕೊಡದಾಗಿನ ನೀರು ಹಿಂಗ ನಡಗತಾವ್ರಿ. ಅದಕ್ಕ ನನಗ ಆ ಪ್ರಾಣಿ ಎಷ್ಟು ಭಾರ ಐತಿ ಅಂತ ಒಮ್ಮೆಲೆ ತಿಳಿತು" ಎಂದರು. ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ರಸ್ತೆ ಬದಿಯ ಮನೆಯಲ್ಲಿ ಬಾಳುವೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೈನೋಸಾರನ್ನು ಯಾರೂ ನೋಡಿಲ್ಲ, ಆದರೆ ಭಾರವನ್ನು ಎಲ್ಲರೂ ಹೊತ್ತಿದ್ದೇವೆ.

ಕಂಪ್ಯೂಟರಿನ ಚಿತ್ರದ ಮರ್ಮವೇ ಇಲ್ಲಿದೆ. ಅದು ಕೆಲಸ ಮಾಡುವ ಬಗೆ ನಮ್ಮ ಚುಕ್ಕಿ ರಂಗೋಲಿಯಂತೆ. ಲಕ್ಷಗಟ್ಟಲೆ ಚುಕ್ಕಿಗಳು, ಪ್ರತಿ ಚುಕ್ಕಿಗೂ ಒಂದು ಬಣ್ಣ. ಹೀಗೆ ಬರೆದ ಒಂದು ಚಿತ್ರ ತೆರೆಯ ಮೇಲೆ ನಿಲ್ಲುವುದು ಒಂದು ಸೆಕೆಂಡಿನ ೨೪ನೆಯ ಒಂದು ಭಾಗ. ಒಂದು ನಿಮಿಷಕ್ಕೆ ೧,೪೪೦ ಚಿತ್ರಗಳು ಬೇಕು. ಒಂದು ಗೂಳಿ ಓಡಬೇಕಾದರೆ ಅದರ ಕೂದಲು, ಅದರ ಮೇಲಿನ ಬಿಸಿಲು, ಕಾಲು ಊರಿದಾಗ ನಡುಗುವ ತೊಡೆಯ ಮಾಂಸ, ಎದ್ದ ಧೂಳು, ಬಿದ್ದ ನೆರಳು ಎಲ್ಲವನ್ನೂ ಲೆಕ್ಕ ಹಾಕಿ ಪ್ರತಿ ಚಿತ್ರದಲ್ಲೂ ತುಂಬಬೇಕು. ಇದನ್ನು ಯಂತ್ರ ತಾನಾಗಿ ಮಾಡಿಬಿಡುವುದಿಲ್ಲ. ನೂರಾರು ತರುಣ ತರುಣಿಯರು ತಿಂಗಳುಗಟ್ಟಲೆ ಕುಳಿತು ಕಣ್ಣು ಕೆಂಪಗೆ ಮಾಡಿಕೊಳ್ಳುತ್ತಾರೆ. ರಾತ್ರಿ ಕುಳಿತು ರಂಧ್ರ ಕೊರೆದ ಸರಸ್ವತಿಬಾಯಿಯ ವಂಶಸ್ಥರು ಅವರು. ಲೆಕ್ಕದಲ್ಲಿ ಒಂದು ತಪ್ಪಿದರೂ ಗೂಳಿ ನೆಲ ಮುಟ್ಟದೆ ತೇಲುತ್ತದೆ. ಎಲ್ಲಿ ತಪ್ಪಿತೆಂದು ನೋಡುವವರಿಗೆ ಹೇಳಲು ಬಾರದಿದ್ದರೂ, ಏನೋ ತಪ್ಪಿದೆ ಎಂದು ಮಾತ್ರ ತಕ್ಷಣ ತಿಳಿಯುತ್ತದೆ.

ನಮ್ಮ ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಮೌಳಿಯವರ 'ಬಾಹುಬಲಿ' ೨೦೧೫ರ ಜುಲೈಯಲ್ಲಿ ಬಂದಾಗ ನಾನು ಇದನ್ನು ಕಿವಿಯಾರೆ ಕೇಳಿದೆ. ಓಣಿಯ ಹೆಂಗಸರು ಗುಂಪಾಗಿ ಹೋಗಿದ್ದರು. ಅದರ ದೊಡ್ಡ ಜಲಪಾತದ ದೃಶ್ಯಗಳಿಗೆ ಬುನಾದಿ ಕೇರಳದ ಆತಿರಪ್ಪಳ್ಳಿ. ಆ ಜಲಪಾತದ ಎತ್ತರ ಸುಮಾರು ೮೦ ಅಡಿ. ತೆರೆಯ ಮೇಲೆ ಅದು ಮುಗಿಲಿಗೆ ಮುಟ್ಟಿತ್ತು. ಮಳೆಗಾಲದಲ್ಲಿ ಗೋಕಾಕದ ೧೭೦ ಅಡಿಯ ಫಾಲ್ಸು ನೋಡಿ ಬಂದ ನಮ್ಮವರು ಇದನ್ನು ಸುಮ್ಮನೆ ಬಿಡಲಿಲ್ಲ. "ನಮ್ಮದು ಕೆಂಪ ನೀರು, ಮೈಮ್ಯಾಲ ತುಂತರ ಬೀಳತೈತಿ, ಮಾತು ಕೇಳೂದುಲ್ಲ. ಅಲ್ಲಿ ಅವರು ಮಾತಾಡಿದ್ದು ಹೆಂಗ ಕೇಳಿತು?" ಎಂದು ಒಬ್ಬಳು. "ಇರಲಿ ಬಿಡು, ಆ ಹುಡುಗ ಹತ್ತಿ ಹತ್ತಿ ಬೀಳೂದು ನೋಡಿ ನನ್ನ ಎದಿ ಝಲ್ಲೆಂದಿತ್ತು" ಎಂದು ಇನ್ನೊಬ್ಬಳು. ಜಲಪಾತ ಪಾಸಾಯಿತು. ಗೂಳಿಯ ಕಾಳಗ ಪಾಸಾಗಲಿಲ್ಲ. ಕಾರಹುಣ್ಣಿಮೆಗೆ ಖಿಲಾರಿ ಎತ್ತುಗಳು ಕರಿ ಹರಿಯುವಾಗ ಹಾದಿ ಬಿಟ್ಟು ಗೋಡೆಗೆ ಒತ್ತಿ ನಿಂತವರು ಅವರು. "ಅದಕ್ಕ ಭಾರ ಇಲ್ರಿ ಅಕ್ಕೋರ. ನಮ್ಮ ಎತ್ತು ಕಾಲ ಇಟ್ರ ನೆಲ ಗುದ್ದಿದಂಗ ಆಗತೈತಿ" ಎಂದು ತಳ್ಳಿಹಾಕಿದರು. ಮುಂದೆ ೨೦೧೮ರಲ್ಲಿ 'ಕೆ.ಜಿ.ಎಫ್.' ಬಂದಾಗ ಹೊಡೆದಾಟ ಹೆಚ್ಚಾಯಿತೆಂದು ಗೊಣಗಿದವರೂ ಅದರ ಧೂಳನ್ನು ಒಪ್ಪಿದರು. ಆ ಚಿತ್ರವನ್ನು ಕೋಲಾರದ ಗಣಿಯ ತ್ಯಾಜ್ಯದ ದಿಬ್ಬಗಳ ಮೇಲೆ ತೆಗೆದಿದ್ದರು. ಕಂಪ್ಯೂಟರು ಅದನ್ನು ಹಿಗ್ಗಿಸಿತು, ಆದರೆ ಕೆಳಗೆ ಒಂದು ಖರೇ ನೆಲ ಇತ್ತು.

ಹಣ ಹೆಚ್ಚಿದರೆ ಮಾಯೆ ಹೆಚ್ಚುತ್ತದೆ ಎಂಬ ಲೆಕ್ಕ ತಲೆಕೆಳಗಾದದ್ದು 'ಆದಿಪುರುಷ'ನಲ್ಲಿ. ಓಂ ರಾವುತ್ ನಿರ್ದೇಶಿಸಿದ ಈ ರಾಮಾಯಣದ ಚಿತ್ರದ ತುಣುಕನ್ನು ೨೦೨೨ರ ಅಕ್ಟೋಬರ್ ೨ರಂದು ಅಯೋಧ್ಯೆಯಲ್ಲಿ ಬಿಡುಗಡೆ ಮಾಡಿದರು. ದೇಶದ ತುಂಬ ಜನ ಅದರ ಗ್ರಾಫಿಕ್ಸನ್ನು ಮಕ್ಕಳ ವಿಡಿಯೋ ಆಟಕ್ಕೆ ಹೋಲ್ಸಿ ಹೀಗಳೆದರು. ೨೦೨೩ರ ಜನವರಿಯಲ್ಲಿ ಬರಬೇಕಾಗಿದ್ದ ಚಿತ್ರವನ್ನು ಇನ್ನಷ್ಟು ತಿದ್ದಲು ಸಮಯ ಬೇಕೆಂದು ಜೂನ್ ೧೬ಕ್ಕೆ ಮುಂದೂಡಿದರು. ಬಂದ ಮೇಲೂ ಗ್ರಾಫಿಕ್ಸಿಗೆ ಬೈಗುಳ, ಮಾತುಗಳಿಗೆ ಅದಕ್ಕಿಂತ ಹೆಚ್ಚು ಬೈಗುಳ. ಇದಕ್ಕೆ ಮೂರು ವರ್ಷ ಮುಂಚೆ, ೨೦೨೦ರ ಲಾಕ್‌ಡೌನಿನಲ್ಲಿ, ದೂರದರ್ಶನ ಹಳೆಯ 'ರಾಮಾಯಣ'ವನ್ನು ಮತ್ತೆ ತೋರಿಸಿತ್ತು. ಏಪ್ರಿಲ್ ೧೬ರ ಒಂದೇ ದಿನ ೭.೭ ಕೋಟಿ ಜನ ನೋಡಿದರೆಂದು ದೂರದರ್ಶನವೇ ಹೇಳಿತು. ಅದೇ ನಿಧಾನದ ಬಾಣಗಳು, ಅದೇ ಕಿಡಿ. ನಮ್ಮ ಅವ್ವಂದಿರು ನಕ್ಕ ಬಾಣಕ್ಕೆ ಮೊಮ್ಮಕ್ಕಳೂ ನಕ್ಕರು, ಆದರೆ ಎದ್ದು ಹೋಗಲಿಲ್ಲ.

ಇದನ್ನು ಬರೇ ಭಕ್ತಿ ಎಂದರೆ ಅರ್ಧ ಮಾತು. ಭಕ್ತಿ ಎರಡೂ ಕಡೆ ಇತ್ತು. ಹಳೆಯ ಬಾಣ ತನ್ನನ್ನು ನೋಡು ಎಂದು ಕರೆಯುತ್ತಿರಲಿಲ್ಲ, ರಾಮನ ಮುಖ ನೋಡು ಎನ್ನುತ್ತಿತ್ತು. ಹೊಸದು ತನ್ನನ್ನೇ ನೋಡು ಎಂದು ಕರೆಯಿತು. ಕರೆದ ಮೇಲೆ ಜನ ನೋಡಿದರು, ನೋಡಿದ ಮೇಲೆ ಅಳತೆ ಹಾಕಿದರು.

ಇಷ್ಟರವರೆಗೆ ಇದು ಮನರಂಜನೆಯ ಮಾತು. ಇದು ಬೇರೆ ದಾರಿ ಹಿಡಿದದ್ದು ತೀರಿಹೋದವರನ್ನು ತೆರೆಗೆ ತಂದಾಗ. ೨೦೧೬ರ ಅಕ್ಟೋಬರಿನಲ್ಲಿ ಕೋಡಿ ರಾಮಕೃಷ್ಣ ಅವರ ಕನ್ನಡ ಚಿತ್ರ 'ನಾಗರಹಾವು' ಬಂತು. ೧೯೭೨ರಲ್ಲಿ ಪುಟ್ಟಣ್ಣ ಕಣಗಾಲರ ಇದೇ ಹೆಸರಿನ ಚಿತ್ರದಿಂದ ನಮ್ಮ ಮನಸ್ಸಿನಲ್ಲಿ ನಿಂತ ವಿಷ್ಣುವರ್ಧನ್ ೨೦೦೯ರ ಡಿಸೆಂಬರ್ ೩೦ರಂದು ತೀರಿಕೊಂಡಿದ್ದರು. ಹೊಸ ಚಿತ್ರದಲ್ಲಿ ಇನ್ನೊಬ್ಬರ ದೇಹಕ್ಕೆ ಕಂಪ್ಯೂಟರಿನಿಂದ ಅವರ ಮುಖ ಕೂಡಿಸಿ ಅವರನ್ನು ಮತ್ತೆ ನಿಲ್ಲಿಸಿದರು.

ನನ್ನ ಗೆಳತಿಯರಲ್ಲಿ ಇದರ ಬಗ್ಗೆ ಎರಡು ಪಕ್ಷ ಆದವು. "ಇನ್ನೊಮ್ಮೆ ಕಣ್ತುಂಬ ನೋಡಿದೆನಲ್ಲ, ಸಾಕು" ಎಂದು ಅಭಿಮಾನಿಯಾದವಳು. ಗಂಡನನ್ನು ಕಳೆದುಕೊಂಡ ಇನ್ನೊಬ್ಬಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಫೋಟೋಕ್ಕ ಮಾಲಿ ಹಾಕಿದ ಮ್ಯಾಲ ಅವರನ್ನ ಕುಣಸಬಾರದವ್ವ" ಎಂದಳು. ೨೦೨೨ರ ಮಾರ್ಚಿನಲ್ಲಿ ಪುನೀತ್ ರಾಜಕುಮಾರರ 'ಜೇಮ್ಸ್' ಬಂದಾಗ, ಮಾತು ಜೋಡಿಸುವ ಮುಂಚೆಯೇ ತೀರಿಹೋದ ತಮ್ಮನ ಪಾತ್ರಕ್ಕೆ ಅಣ್ಣ ಶಿವರಾಜಕುಮಾರರು ದನಿ ಕೊಟ್ಟರು. ಧ್ವನಿ ಬೇರೆ ಎಂದು ಮೊದಲ ಮಾತಿಗೇ ತಿಳಿಯುತ್ತಿತ್ತು. ಅದೇ ಗೆಳತಿ ಆ ಚಿತ್ರದಲ್ಲಿ ಸೆರಗು ಒದ್ದೆ ಮಾಡಿಕೊಂಡು ಕುಳಿತಿದ್ದಳು. ಹೋಲಿಕೆ ಹೆಚ್ಚಿದಷ್ಟೂ ಹತ್ತಿರವಾಗುತ್ತದೆ ಎಂದು ಯಂತ್ರ ತಿಳಿದಿದೆ. ಮನುಷ್ಯರ ಮನಸ್ಸು ಹಾಗೆ ನಡೆಯುವುದಿಲ್ಲ. ಯಾರ ಮುಖ, ಯಾರ ಒಪ್ಪಿಗೆ ಎಂದು ಅದು ಕೇಳುತ್ತದೆ.

ಈ ಒಪ್ಪಿಗೆಯ ಪ್ರಶ್ನೆ ಈಗ ಚಿತ್ರಮಂದಿರದ ಬಾಗಿಲು ದಾಟಿ ನಮ್ಮ ಹೆಣ್ಣುಮಕ್ಕಳ ಬಳಿಗೇ ಬಂದಿದೆ. ೨೦೨೩ರ ನವೆಂಬರಿನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಹೆಣ್ಣಿನ ದೇಹಕ್ಕೆ ಅಂಟಿಸಿದ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಹೆಸರಾಂತ ನಟಿ ಎಂದು ದೇಶವೇ ಮಾತಾಡಿತು. ರಾಯಬಾಗದ ಹಳ್ಳಿಯೊಂದರ ಹತ್ತನೆಯ ತರಗತಿಯ ಹುಡುಗಿಗೆ ಹಾಗಾದರೆ ಮಾತಾಡುವವರು ಯಾರು? ಆಕೆಯ ಓದು ನಿಲ್ಲಿಸಿ ಮದುವೆ ಗೊತ್ತು ಮಾಡುವುದೇ ಮನೆಯವರಿಗೆ ತೋಚುವ ಪರಿಹಾರ. ಸತ್ತ ನಾಯಕನನ್ನು ಪ್ರೀತಿಯಿಂದ ಎಬ್ಬಿಸಿದ ವಿದ್ಯೆಗೂ ಬದುಕಿರುವ ಹುಡುಗಿಯನ್ನು ಬೀದಿಗೆ ತರುವ ವಿದ್ಯೆಗೂ ಬುಡ ಒಂದೇ.

ಹಾಗಾದರೆ ಮಾಯೆಯನ್ನೇ ಬೈಯೋಣವೇ? ಫಾಲ್ಕೆಯವರ ಕಡೆಗೆ ಇನ್ನೊಮ್ಮೆ ಹೋಗುತ್ತೇನೆ. ೧೯೧೯ರ 'ಕಾಲಿಯಾಮರ್ದನ'ದಲ್ಲಿ ಕೃಷ್ಣನ ಪಾತ್ರ ಮಾಡಿದ್ದು ಅವರ ಪುಟ್ಟ ಮಗಳು ಮಂದಾಕಿನಿ. ಚಿತ್ರದ ಆರಂಭದಲ್ಲಿ ಆ ಹುಡುಗಿಯನ್ನು ಹುಡುಗಿಯಾಗಿಯೇ ತೋರಿಸುತ್ತಾರೆ. ನಗುತ್ತಾಳೆ, ಸಿಟ್ಟಾಗುತ್ತಾಳೆ, ಬಗೆಬಗೆಯ ಭಾವ ತೋರಿಸುತ್ತಾಳೆ. ಆಮೇಲೆ ಅವಳು ಕೃಷ್ಣನಾಗಿ ಬದಲಾಗುತ್ತಾಳೆ, ಹಾವಿನ ಹೆಡೆ ತುಳಿಯುತ್ತಾಳೆ. ಇದು ನನ್ನ ಮಗಳು, ಇದು ಆಟ, ಈಗ ನೋಡಿ ಎಂದು ಹೇಳಿ ಆಡಿದ ಆಟ ಅದು. ಡೇರೆಯ ಪರದೆ, ಚಿತ್ರಮಂದಿರದ ಕತ್ತಲೆ, ಕೈಯ ಟಿಕೆಟ್ಟು ಎಲ್ಲವೂ ನಮಗೆ ಅದನ್ನೇ ಹೇಳುತ್ತಿದ್ದವು. ಮೊಬೈಲಿನಲ್ಲಿ ಬರುವುದು ಆಟವೆಂದು ಹೇಳದೆ ಬರುತ್ತದೆ.

೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ತುಂಬಿ ಬಂದು, ಕುಡಚಿ-ಉಗಾರದ ಸೇತುವೆ ಮುಳುಗಿ, ನದಿದಂಡೆಯ ಊರುಗಳು ಗುಳೆ ಎದ್ದಾಗ ನಾವು ಪಾಠ ಹೇಳುವ ಶಾಲೆಯೇ ಪರಿಹಾರ ಕೇಂದ್ರವಾಗಿತ್ತು. ಒಂದು ರಾತ್ರಿ ಯಾರದೋ ಮೊಬೈಲಿಗೆ ಒಂದು ಚಿತ್ರ ಬಂತು. ಸೇತುವೆಯೊಂದು ಮುರಿದು ಕೊಚ್ಚಿಹೋಗುತ್ತಿದೆ, ಅದು ನಮ್ಮದೇ ಎಂದು ಕೆಳಗೆ ಬರೆದಿದೆ. ಕೇಂದ್ರದಲ್ಲಿ ಕೂಗಾಟ ಶುರುವಾಯಿತು. ದನ ಬಿಟ್ಟು ಬಂದ ಗಂಡಸರು ಆ ಕತ್ತಲೆಯಲ್ಲೇ ಹೊರಡಲು ಎದ್ದರು. ಆಗ ಮೂಲೆಯಲ್ಲಿ ಮಲಗಿದ್ದ ಅಜ್ಜಿಯೊಬ್ಬಳು ಮೊಬೈಲು ಈಸಿಕೊಂಡು, ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಇದು ನಮ್ಮ ಹೊಳಿ ಅಲ್ಲ. ನಮ್ಮ ಹೊಳಿ ನೀರು ಇಷ್ಟು ತಿಳಿ ಎಂದ ಇತ್ತು? ದಂಡಿ ಮ್ಯಾಲ ಕಬ್ಬ ಎಲ್ಲೈತಿ?" ಎಂದಳು. ಎದ್ದವರು ಕುಳಿತರು. ಬೆಳಗಾದ ಮೇಲೆ ಅದು ಬೇರೆಲ್ಲಿಯದೋ ಎಂದು ಖಾತ್ರಿಯಾಯಿತು. ಅಂದು ಬಂದದ್ದು ಬೇರೆ ಊರಿನ ಚಿತ್ರ. ಇಂದು ಯಾವ ಊರಿನದೂ ಅಲ್ಲದ ಹೊಳೆಯನ್ನು, ಕೆಂಪು ನೀರು ಕಬ್ಬು ಸಮೇತ, ಯಂತ್ರವೇ ಬರೆದುಕೊಡಬಲ್ಲದು. ಅದಕ್ಕೇ ನಮ್ಮ ಕಣ್ಣುಗಳೂ ಇನ್ನಷ್ಟು ಹರಿತವಾಗಬೇಕು.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಸಿನಿಮಾ ನೋಡಿ ಬಂದು ಬಾಯಿ ಬಡಿಯುತ್ತಾರೆ ಎಂದು ಬೈಸಿಕೊಂಡ ಹೆಂಗಸರು ನೂರು ವರ್ಷ ಮಾಡಿದ್ದು ಅದನ್ನೇ. ಆ ಮಾತುಕತೆಯನ್ನು ನಾನು ಈಗ ತರಗತಿಗೆ ತಂದಿದ್ದೇನೆ. ವಾರಕ್ಕೊಮ್ಮೆ ಯಾವುದಾದರೂ ಸಾಹಸ ಚಿತ್ರದ ಒಂದು ತುಣುಕು ತೋರಿಸಿ, ಇದರಲ್ಲಿ ಯಾವುದು ತೆಗೆದದ್ದು, ಯಾವುದು ಬರೆದದ್ದು, ಹೇಗೆ ಗೊತ್ತಾಯಿತು ಎಂದು ಕೇಳುತ್ತೇನೆ. ಮೊದಲು ಹುಡುಗರೇ ಕೈ ಎತ್ತುತ್ತಿದ್ದರು, ಕಂಪ್ಯೂಟರಿನ ಹೆಸರುಗಳನ್ನು ಹೇಳುತ್ತಿದ್ದರು. ಈಗ ಹುಡುಗಿಯರು ಎತ್ತುತ್ತಾರೆ. ಮೊನ್ನೆ ಸಿಂಹವೊಂದು ಬಿಸಿಲಿನಲ್ಲಿ ಜಿಗಿಯುವ ತುಣುಕು ಮುಗಿಯುತ್ತಲೇ, ಕೊನೆಯ ಬೆಂಚಿನಿಂದ, ಕಬ್ಬು ಕಡಿಯುವವರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು. ತರಗತಿಯಲ್ಲಿ ಅವಳ ದನಿ ನಾನು ಅಲ್ಲಿಯವರೆಗೆ ಕೇಳಿದ್ದಿಲ್ಲ.

"ಅಕ್ಕೋರ, ಗಿಡದ ನೆರಳು ಆ ಕಡೆ ಐತಿ, ಅದರ ನೆರಳು ಎಲ್ಲೈತ್ರಿ?"